ಕೈ ಪಳಗಲಿ, ಕಡಲ ಪಾಚಿಯ ಮೇಲೆ

ಡಾಕ್ಟರಾಗುವವರ ಕೈ ಪಳಗಬೇಕಾದರೆ ಯಾರದಾದರೂ ಮೈ ಬೇಕು. ನಮ್ಮಲ್ಲಿ ಆ ಮೈ ಬಹುಮಟ್ಟಿಗೆ ಬಡವರದು. ವೈದ್ಯಕೀಯ ಕಾಲೇಜಿಗೆ ಸೇರಿದ ಸರ್ಕಾರಿ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮಲಗಿದವರ ರಕ್ತನಾಳಕ್ಕೆ ಸೂಜಿ ಚುಚ್ಚಿ, ಅವರ ಗಾಯಕ್ಕೆ ಹೊಲಿಗೆ ಹಾಕಿ, ಅವರ ಬೆನ್ನಿನಿಂದ ನೀರು ತೆಗೆದು ತಲೆಮಾರುಗಳ ವೈದ್ಯರು ಕಲಿತಿದ್ದಾರೆ. ಒಂದು ಸಲಕ್ಕೆ ಸಿಗದ ರಕ್ತನಾಳವನ್ನು ಮೂರನೆಯ ಸಲ, ನಾಲ್ಕನೆಯ ಸಲ ಹುಡುಕುವಾಗ ಹಾಸಿಗೆಯ ಮೇಲಿರುವವರು ಹಲ್ಲು ಕಚ್ಚಿ ಸಹಿಸುತ್ತಾರೆ. ಬೇರೆ ಆಸ್ಪತ್ರೆಗೆ ಹೋಗುವ ಶಕ್ತಿ ಅವರಿಗಿಲ್ಲ. ಅನುಭವಸ್ಥರನ್ನು ಕರೆಯಿರಿ ಎನ್ನುವ ಧೈರ್ಯವೂ ಇರುವುದಿಲ್ಲ. ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಎನ್ನುತ್ತೇವೆ. ವಾರ್ಡಿನಲ್ಲಿ ಇವೆರಡೂ ಒಂದೇ ಮಂಚದ ಬಳಿ ನಡೆಯುತ್ತವೆ. ರಾಗ ಒಬ್ಬರಿಗೆ ಒಲಿಯುತ್ತದೆ, ನರಳಿಕೆ ಇನ್ನೊಬ್ಬರ ಪಾಲಿಗೆ ಬರುತ್ತದೆ.

ತಪ್ಪು ಮಾಡದೆ ಯಾರೂ ಕಲಿಯರು, ಕಲಿಯದೆ ಯಾರೂ ವೈದ್ಯರಾಗರು. ಹಾಗಾಗಿ ಆ ತಪ್ಪುಗಳು ಎಲ್ಲಿ ಆಗಬೇಕು ಎಂಬುದನ್ನು ನಾವು ನಿರ್ಧರಿಸಲೇಬೇಕು. ಅವು ನೋವು ತಿಳಿಯದ ವಸ್ತುವಿನ ಮೇಲೆ ಆಗಲಿ ಎಂಬುದು ನನ್ನ ವಾದ. ಅಂಥ ವಸ್ತು ಇವತ್ತು ನಮ್ಮ ಕೈಗೆಟುಕುವಷ್ಟು ಹತ್ತಿರವಿದೆ, ಅಗ್ಗವಾಗಿದೆ. ಕಡಲ ಪಾಚಿಯಿಂದ ತೆಗೆದ ಅಗರ್, ಆಲ್ಜಿನೇಟ್, ಕ್ಯಾರಗೀನನ್ ಎಂಬ ಮೂರು ಪದಾರ್ಥಗಳಲ್ಲಿ ಯಾವುದಾದರೊಂದನ್ನು ನೀರಿನಲ್ಲಿ ಕಲಸಿ ಹೆಪ್ಪುಗಟ್ಟಿಸಿದರೆ ಮನುಷ್ಯನ ಮೃದು ಅಂಗಾಂಶವನ್ನು ಹಲವು ಬಗೆಯಲ್ಲಿ ಹೋಲುವ ಜೆಲ್ ಸಿಗುತ್ತದೆ. ಇದು ಗೊತ್ತಿದ್ದೂ ಮೊದಲ ಚುಚ್ಚನ್ನು ರೋಗಿಯ ಮೈಮೇಲೆ ಮಾಡಿಸುವುದಕ್ಕೆ ಇನ್ನು ಮುಂದೆ ಹಣದ ಕೊರತೆಯ ನೆಪ ಹೇಳುವಂತಿಲ್ಲ.

ಈ ಯೋಚನೆ ನಮಗೆ ಹೊಸದೇನೂ ಅಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ಪೂರ್ತಿ ಶಸ್ತ್ರಕ್ರಿಯೆಯ ಅಭ್ಯಾಸಕ್ಕೇ ಮೀಸಲಾಗಿದೆ. ಶಾಸ್ತ್ರವನ್ನೆಲ್ಲ ಓದಿಕೊಂಡಿದ್ದರೂ ಕೈಯಲ್ಲಿ ಮಾಡಿ ನೋಡದವನು ಚಿಕಿತ್ಸೆಗೆ ಅರ್ಹನಲ್ಲ ಎಂಬುದು ಅಲ್ಲಿನ ನಿಲುವು. ಕೊಯ್ಯುವುದನ್ನು ಕುಂಬಳ, ಸೋರೆ, ಕಲ್ಲಂಗಡಿ, ಸೌತೆಯಂಥ ಕಾಯಿಗಳ ಮೇಲೆ ಕಲಿಯಬೇಕು. ಸೀಳುವುದನ್ನು ನೀರು ಅಥವಾ ಕೆಸರು ತುಂಬಿದ ಚರ್ಮದ ಚೀಲದ ಮೇಲೆ, ಕೆರೆಯುವುದನ್ನು ಕೂದಲಿರುವ ಹರವಿದ ತೊಗಲಿನ ಮೇಲೆ, ಚುಚ್ಚುವುದನ್ನು ಸತ್ತ ಪ್ರಾಣಿಯ ನಾಳ ಮತ್ತು ತಾವರೆ ದಂಟಿನ ಮೇಲೆ, ಹೊಲಿಯುವುದನ್ನು ಬಟ್ಟೆ ಮತ್ತು ಮೆತ್ತನೆಯ ಚರ್ಮದ ಅಂಚಿನ ಮೇಲೆ ಕಲಿಯಬೇಕು. ಪಟ್ಟಿ ಕಟ್ಟುವುದಕ್ಕೆ ಮನುಷ್ಯಾಕಾರದ ಗೊಂಬೆಯೇ ಇದೆ.

ಈ ಪಟ್ಟಿಯಲ್ಲಿ ನಮ್ಮ ಕಾಲಕ್ಕೂ ಉಪಯೋಗಕ್ಕೆ ಬರುವ ಒಂದು ವಿವೇಕವಿದೆ. ಇಡೀ ದೇಹದ ನಕಲು ಮಾಡುವ ಹಂಬಲ ಅಲ್ಲಿಲ್ಲ. ಒಂದೊಂದು ಕೈಕೆಲಸಕ್ಕೆ ಯಾವ ವಸ್ತು ಸರಿಯಾದ ತಡೆ ಒಡ್ಡುತ್ತದೆ ಎಂದು ನೋಡಿ, ಅದನ್ನೇ ಆರಿಸಲಾಗಿದೆ. ಸೋರೆಕಾಯಿ ಮನುಷ್ಯನಂತಿಲ್ಲ, ಆದರೆ ಕತ್ತಿಯ ಆಳವನ್ನು ಹತೋಟಿಯಲ್ಲಿಡುವುದನ್ನು ಕಲಿಸಬಲ್ಲದು. ಕಡಲ ಪಾಚಿಯ ಜೆಲ್ಲನ್ನೂ ಇದೇ ಕಣ್ಣಿನಿಂದ ನೋಡಬೇಕು. ಅದು ಮನುಷ್ಯನಿಗೆ ಬದಲಿಯಲ್ಲ. ನಿರ್ದಿಷ್ಟ ಕೌಶಲವೊಂದಕ್ಕೆ ಅದು ಸರಿಯಾದ ವಸ್ತುವೇ ಎಂದಷ್ಟೇ ಕೇಳಬೇಕು.

ಅಗರ್ ನಮ್ಮ ಅಡುಗೆಮನೆಗಳಿಗೆ ಚೈನಾ ಗ್ರಾಸ್ ಎಂಬ ಹೆಸರಿನಲ್ಲಿ ಪರಿಚಿತ. ಗೆಲಿಡಿಯಂ, ಗ್ರಾಸಿಲೇರಿಯಾ ಮುಂತಾದ ಕೆಂಪು ಪಾಚಿಗಳನ್ನು ಕುದಿಸಿ, ಸೋಸಿ, ಒಣಗಿಸಿ ಅದನ್ನು ತಯಾರಿಸುತ್ತಾರೆ. ಅದು ಪ್ರಯೋಗಾಲಯಕ್ಕೆ ಬಂದದ್ದು ಒಬ್ಬ ಹೆಣ್ಣುಮಗಳ ಅಡುಗೆಯ ತಿಳಿವಳಿಕೆಯಿಂದ. 1881ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದ ವಾಲ್ಟರ್ ಹೆಸ್ಸೆ ಬ್ಯಾಕ್ಟೀರಿಯ ಬೆಳೆಸಲು ಜೆಲಟಿನ್ ಬಳಸುತ್ತಿದ್ದರು. ಬೇಸಿಗೆಯ ಸೆಕೆಗೆ ಅದು ಕರಗಿ ನೀರಾಗುತ್ತಿತ್ತು. ಅವರ ಹೆಂಡತಿ ಫ್ಯಾನಿ ಹೆಸ್ಸೆ ತಮ್ಮ ಜೆಲ್ಲಿಗಳು ಬಿಸಿಲಿನಲ್ಲೂ ಗಟ್ಟಿಯಾಗಿರುವುದಕ್ಕೆ ಅಗರ್ ಕಾರಣ ಎಂದು ಹೇಳಿ, ಅದನ್ನು ಬಳಸುವಂತೆ ಸೂಚಿಸಿದರು. ಜಾವಾದಲ್ಲಿದ್ದು ಬಂದಿದ್ದ ನೆರೆಯವರೊಬ್ಬರಿಂದ ಆಕೆ ಅದನ್ನು ಕಲಿತಿದ್ದರು. ಮರುವರ್ಷವೇ ಕಾಕ್ ತಮ್ಮ ಕ್ಷಯರೋಗದ ಪ್ರಬಂಧದಲ್ಲಿ ಅಗರ್ ಬಳಕೆಯನ್ನು ನಮೂದಿಸಿದರು.

ಫ್ಯಾನಿ ಹೆಸ್ಸೆ ಗುರುತಿಸಿದ ಆ ಗುಣವೇ ಇಂದು ನಮಗೂ ಬೇಕಾದದ್ದು. ಅಗರ್ ಕರಗಲು ಸುಮಾರು 85 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ಬೇಕು. ಒಮ್ಮೆ ಕರಗಿದ ಮೇಲೆ 40 ಡಿಗ್ರಿಯ ಕೆಳಗೆ ಬರುವ ತನಕ ಅದು ಗಟ್ಟಿಯಾಗುವುದಿಲ್ಲ. ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಜೆಲಟಿನ್ 35 ಡಿಗ್ರಿಯ ಆಸುಪಾಸಿನಲ್ಲೇ ಸೋತುಬಿಡುತ್ತದೆ. ತಂಪು ದೇಶಗಳ ತರಬೇತಿ ಕೋಣೆಗಳಲ್ಲಿ ಜೆಲಟಿನ್ ಅಚ್ಚುಗಳು ಚೆನ್ನಾಗಿ ನಡೆಯುತ್ತವೆ. ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳಿನಲ್ಲಿ, ಫ್ಯಾನ್ ಮಾತ್ರ ಇರುವ ಕೋಣೆಯಲ್ಲಿ ಅವು ಮಧ್ಯಾಹ್ನದ ತರಗತಿ ಮುಗಿಯುವವರೆಗೂ ನಿಲ್ಲಲಾರವು. ಅಗರ್ ನಿಲ್ಲುತ್ತದೆ. ಮೇಲಾಗಿ ಅದು ಸಸ್ಯಜನ್ಯವಾದದ್ದರಿಂದ ಯಾವ ವಿದ್ಯಾರ್ಥಿಗೂ ಮುಟ್ಟಲು ಸಂಕೋಚವಿರದು. ಸೂಜಿಯ ಗುರುತುಗಳಿಂದ ತುಂಬಿಹೋದ ಅಚ್ಚನ್ನು ಪಾತ್ರೆಗೆ ಹಾಕಿ ಕಾಯಿಸಿ ಮತ್ತೆ ಎರಕ ಹೊಯ್ಯಬಹುದು.

ಜೆಲ್ ಅಂಗಾಂಶವನ್ನು ಹೋಲುವುದಕ್ಕೆ ಮುಖ್ಯ ಕಾರಣ ನೀರು. ನಮ್ಮ ಸ್ನಾಯು, ಯಕೃತ್ತು, ಮಿದುಳುಗಳಲ್ಲಿ ಹೆಚ್ಚಿನ ಪಾಲು ನೀರೇ. ಅದನ್ನು ಹಿಡಿದಿಟ್ಟಿರುವುದು ನಾರಿನ ಬಲೆ. ಅಗರ್ ಜೆಲ್ಲಿನಲ್ಲೂ ಅಷ್ಟೆ. ಸಕ್ಕರೆಯ ಅಣುಗಳಿಂದಾದ ಉದ್ದನೆಯ ಸರಪಳಿಗಳು ತಣಿಯುವಾಗ ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ, ನೀರು ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಅಗರ್ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಿ ಬಿಗಿತವನ್ನು ಬೇಕಾದಂತೆ ತಂದುಕೊಳ್ಳಬಹುದು. ಅಗರಿನ ಶುದ್ಧ ರೂಪವಾದ ಅಗರೋಸನ್ನು ಕೇವಲ 0.6 ಶೇಕಡ ಬೆರೆಸಿದ ಜೆಲ್, ಮಿದುಳಿನೊಳಕ್ಕೆ ಔಷಧ ಹರಿಸುವ ಪ್ರಯೋಗಗಳಲ್ಲಿ ಮಿದುಳಿನಂತೆಯೇ ವರ್ತಿಸುತ್ತದೆ ಎಂದು 2004ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮೆತ್ತನೆಯ ಜೆಲ್ಲಿನೊಳಗೆ ಬಿಗಿಯಾದ ಜೆಲ್ಲಿನ ಸಣ್ಣ ಉಂಡೆ ಹುದುಗಿಸಿದರೆ ಸ್ತನದ ಗಂಟನ್ನು ಬೆರಳಿನಿಂದ ಪತ್ತೆ ಹಚ್ಚುವ ಅಭ್ಯಾಸಕ್ಕೆ ಅದೇ ಮಾದರಿ.

ಈ ಹೋಲಿಕೆ ಅತ್ಯಂತ ಫಲ ಕೊಡುವುದು ಅಲ್ಟ್ರಾಸೌಂಡ್ ಕಲಿಕೆಯಲ್ಲಿ. ಸ್ಕ್ಯಾನಿಂಗ್ ಯಂತ್ರ ಶಬ್ದದ ಅಲೆಗಳನ್ನು ಕಳಿಸಿ, ಪ್ರತಿಧ್ವನಿ ಮರಳುವ ಸಮಯದಿಂದ ಆಳವನ್ನು ಲೆಕ್ಕ ಹಾಕುತ್ತದೆ. ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್ ಎಂದು ಅದು ಎಣಿಸಿರುತ್ತದೆ. 20 ಡಿಗ್ರಿಯ ನೀರಿನಲ್ಲಿ ಆ ವೇಗ ಸುಮಾರು 1480 ಮೀಟರ್. ಈ ಅಂತರ ತುಂಬಲು ಗ್ಲಿಸರಿನ್ ಸೇರಿಸುತ್ತಾರೆ. ಅಂತರರಾಷ್ಟ್ರೀಯ ಮಾನಕಗಳಿಗೆ ಅನುಗುಣವಾದ ಹೆಸರುವಾಸಿ ಮಿಶ್ರಣದಲ್ಲಿ ಶೇ. 3ರಷ್ಟು ಅಗರ್, ಶೇ. 11ರಷ್ಟು ಗ್ಲಿಸರಿನ್ ಇರುತ್ತವೆ. ಅಂಗಾಂಶದ ಬೂದುಬಣ್ಣದ ಕಣಕಣ ನೋಟಕ್ಕಾಗಿ ಅಲ್ಯುಮಿನಿಯಂ ಆಕ್ಸೈಡ್, ಸಿಲಿಕಾನ್ ಕಾರ್ಬೈಡ್ ಪುಡಿಗಳು ಅತ್ಯಲ್ಪ ಪ್ರಮಾಣದಲ್ಲಿರುತ್ತವೆ, ಬೂಷ್ಟು ಹಿಡಿಯದಂತೆ ಸೋಂಕುನಿವಾರಕವೂ ಇರುತ್ತದೆ, ಉಳಿದದ್ದೆಲ್ಲ ನೀರು. ತರಬೇತಿಗೆ ಇಷ್ಟು ಕಟ್ಟುನಿಟ್ಟು ಬೇಕಿಲ್ಲ. ಪುಡಿಯ ಬದಲು ಇಸಬ್‌ಗೋಲಿನ ಹೊಟ್ಟು ಬೆರೆಸುವವರಿದ್ದಾರೆ.

ಒಂದು ಲೀಟರಿಗೆ ಬೇಕಾಗುವ ಅಗರ್ ಬರೀ 30 ಗ್ರಾಂ. ಎರಕ ಹೊಯ್ಯುವಾಗ ಒಂದು ರಬ್ಬರ್ ನಳಿಕೆಯನ್ನು ಹುದುಗಿಸಿ ಅದರಲ್ಲಿ ಕೆಂಪು ನೀರು ತುಂಬಿದರೆ ರಕ್ತನಾಳ ಸಿದ್ಧ. ಕತ್ತಿನ ದೊಡ್ಡ ಅಭಿಧಮನಿಗೆ ಕೊಳವೆ ಹಾಕುವುದನ್ನು ಕಲಿಯುವ ವಿದ್ಯಾರ್ಥಿ ಎಡಗೈಯಲ್ಲಿ ಸ್ಕ್ಯಾನಿಂಗ್ ಯಂತ್ರದ ಪ್ರೋಬ್, ಬಲಗೈಯಲ್ಲಿ ಸೂಜಿ ಹಿಡಿದು ಪರದೆ ನೋಡುತ್ತಾಳೆ. ಸೂಜಿಯ ನಡುಭಾಗವನ್ನೇ ತುದಿ ಎಂದು ತಿಳಿದು ಮುಂದಕ್ಕೆ ತಳ್ಳುವುದು ಹೊಸಬರ ಸಾಮಾನ್ಯ ತಪ್ಪು. ರೋಗಿಯ ಕತ್ತಿನಲ್ಲಿ ಹಾಗಾದರೆ ತುದಿ ಪಕ್ಕದ ಅಪಧಮನಿಗೋ ಶ್ವಾಸಕೋಶದ ಹೊದಿಕೆಗೋ ತಾಗಬಹುದು. ಜೆಲ್ಲಿನಲ್ಲಿ ಹಾಗಾದರೆ ಸೂಜಿಯನ್ನು ಹಿಂದೆಳೆದು ಇನ್ನೊಮ್ಮೆ ಪ್ರಯತ್ನಿಸಬಹುದು. ಇಂಥ ಕೊಳವೆಯನ್ನು ಅಲ್ಟ್ರಾಸೌಂಡ್ ನೋಡಿಕೊಂಡೇ ಹಾಕಬೇಕೆಂದು ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2002ರಲ್ಲೇ ಶಿಫಾರಸು ಮಾಡಿತು. ಕಣ್ಣು ಪರದೆಯ ಮೇಲಿದ್ದು ಕೈ ಬೇರೆಡೆ ಕೆಲಸ ಮಾಡುವ ಈ ಹೊಂದಾಣಿಕೆ ಪುಸ್ತಕದಿಂದ ಬರುವಂಥದ್ದಲ್ಲ. ಪದೇ ಪದೇ ಮಾಡಿದರೆ ಮಾತ್ರ ಬರುತ್ತದೆ.

ಆಲ್ಜಿನೇಟ್ ಬರುವುದು ಕಂದು ಪಾಚಿಗಳಿಂದ. ಅದನ್ನು ಹೆಪ್ಪುಗಟ್ಟಿಸಲು ಬಿಸಿ ಬೇಡ, ಸುಣ್ಣದ ಅಂಶ ಸಾಕು. ಕ್ಯಾಲ್ಸಿಯಂ ಅಯಾನುಗಳು ಅದರ ಸರಪಳಿಗಳನ್ನು ಜೋಡಿಜೋಡಿಯಾಗಿ ಬಿಗಿದು ಜೆಲ್ ಮಾಡುತ್ತವೆ. ಹಲ್ಲಿನ ಅಚ್ಚು ತೆಗೆಸಿಕೊಂಡವರ ಬಾಯಿಗೆ ಇದು ಆಗಲೇ ಹೋಗಿಬಂದಿರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಅಗರ್ ಬರುವುದು ನಿಂತಾಗ ದಂತವೈದ್ಯರು ಆಲ್ಜಿನೇಟಿನ ಕಡೆ ತಿರುಗಿದರು, ಅದು ಅಲ್ಲೇ ನೆಲೆ ನಿಂತಿತು.

ಆಲ್ಜಿನೇಟಿನ ಸಾಧ್ಯತೆ ಎಲ್ಲಿಯವರೆಗೆ ಹೋಗಬಹುದೆಂಬುದನ್ನು ಅಮೆರಿಕದ ಪಿಟ್ಸ್‌ಬರ್ಗಿನಲ್ಲಿರುವ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆ್ಯಡಂ ಫೈನ್‌ಬರ್ಗ್ ಅವರ ತಂಡ 2020ರಲ್ಲಿ ತೋರಿಸಿತು. ರೋಗಿಯೊಬ್ಬರ ಎಂಆರ್‌ಐ ಚಿತ್ರಗಳನ್ನು ಆಧರಿಸಿ, ವಯಸ್ಕರ ಹೃದಯದ ಪೂರ್ಣ ಗಾತ್ರದ ಮಾದರಿಯನ್ನು ಅವರು ಆಲ್ಜಿನೇಟಿನಲ್ಲಿ ಮುದ್ರಿಸಿದರು. ಮೆತ್ತನೆಯ ಜೆಲ್ಲನ್ನು ಗಾಳಿಯಲ್ಲಿ ಪದರ ಪದರವಾಗಿ ಮುದ್ರಿಸಿದರೆ ತನ್ನ ಭಾರಕ್ಕೇ ಕುಸಿಯುತ್ತದೆ. ಅದಕ್ಕಾಗಿ ಜೆಲಟಿನ್ ಕಣಗಳ ತೊಟ್ಟಿಯೊಳಗೆ ಮುದ್ರಿಸಿ, ಆಮೇಲೆ ಬೆಚ್ಚಗೆ ಮಾಡಿ ಜೆಲಟಿನ್ನನ್ನು ಕರಗಿಸಿ ತೆಗೆಯುವ ವಿಧಾನವನ್ನು ಅವರು 2015ರಿಂದಲೇ ಬೆಳೆಸಿದ್ದರು. ನಮ್ಮ ಬೇಸಿಗೆಯಲ್ಲಿ ಜೆಲಟಿನ್ನಿನ ದೋಷವಾಗಿ ಕಂಡ ಗುಣ ಅಲ್ಲಿ ಉಪಕಾರಕ್ಕೆ ಬಂತು. ಆ ಹೃದಯಕ್ಕೆ ಹೊಲಿಗೆ ಹಾಕಬಹುದಿತ್ತು. ಪರಿಧಮನಿಯ ಒಂದು ಭಾಗವನ್ನೂ ಹಾಗೆಯೇ ಮಾಡಿ, ರಕ್ತದಂಥ ದ್ರವವನ್ನು ಅದರಲ್ಲಿ ಹರಿಸಿ ನೋಡಿದರು. ಶಸ್ತ್ರಚಿಕಿತ್ಸಕರು ನಾಳೆ ಕೈ ಹಾಕಬೇಕಾದ ಹೃದಯವನ್ನೇ ಇಂದು ಮೇಜಿನ ಮೇಲಿಟ್ಟು ಅಭ್ಯಾಸ ಮಾಡಬಹುದಾದ ದಾರಿ ಇದು.

ಸಿಲಿಕೋನಿನಿಂದಲೂ ಒಳ್ಳೆಯ ಮಾದರಿಗಳು ತಯಾರಾಗುತ್ತವೆ, ಅವು ವರ್ಷಗಟ್ಟಲೆ ಬಾಳುತ್ತವೆ. ಆದರೆ ಸಿಲಿಕೋನಿನಲ್ಲಿ ನೀರಿಲ್ಲ, ಅದು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಇಂದಿನ ಶಸ್ತ್ರಕೋಣೆಯಲ್ಲಿ ರಕ್ತಸ್ರಾವ ನಿಲ್ಲಿಸಲು ವಿದ್ಯುತ್ ಉಪಕರಣ ದಿನನಿತ್ಯ ಬೇಕು. ಉಪ್ಪು ಬೆರೆತ ನೀರಿನ ಜೆಲ್ಲಿನಲ್ಲಿ ವಿದ್ಯುತ್ ಹರಿಯುವುದರಿಂದ ಅಂಥ ಉಪಕರಣ ಹಿಡಿಯುವುದನ್ನು ಅದರ ಮೇಲೆ ಕಲಿಸಬಹುದು.

ಇನ್ನು ಆಕ್ಷೇಪಗಳು. ಇವುಗಳನ್ನು ತೂಗಿ ನೋಡದೆ ಮುಂದೆ ಹೋಗಬಾರದು. ಮೊದಲನೆಯದು, ಜೆಲ್ ಮಾಂಸವಲ್ಲ ಎಂಬುದು. ಈ ಮಾತು ನಿಜ. ಅಗರ್ ಪೆಡಸು, ಹೊಲಿಗೆಯ ದಾರ ಬಿಗಿಯಾಗಿ ಎಳೆದರೆ ಅದು ಹರಿದುಬರುತ್ತದೆ. ಚರ್ಮ ಮೊದಲು ಸಡಿಲವಾಗಿ ಹಿಗ್ಗಿ, ಎಳೆದಷ್ಟೂ ಬಿಗಿಯಾಗುತ್ತದೆ. ಅಗರ್ ಹಾಗೆ ಹಿಗ್ಗದೆ ಸೀಳುತ್ತದೆ. ಸೂಜಿ ತೆಗೆದ ಮೇಲೂ ಅದರ ದಾರಿ ಪರದೆಯ ಮೇಲೆ ಗೆರೆಯಾಗಿ ಉಳಿಯುತ್ತದೆ, ಮುಂದಿನವರಿಗೆ ಅದೇ ಸುಳಿವಾಗುತ್ತದೆ. ಆಲ್ಜಿನೇಟನ್ನು ಫಾಸ್ಫೇಟ್ ಇರುವ ದ್ರವದಲ್ಲಿಟ್ಟರೆ ಕ್ಯಾಲ್ಸಿಯಂ ಕಳೆದುಕೊಂಡು ಸಡಿಲವಾಗುತ್ತದೆ. ಎಲ್ಲ ಜೆಲ್ಲುಗಳೂ ಒಣಗುತ್ತವೆ, ಬೂಷ್ಟು ಹಿಡಿಯುತ್ತವೆ. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ವಾದ ನಿಲ್ಲುತ್ತದೆ, ಏಕೆಂದರೆ ಈ ದೋಷಗಳು ಕೆಲಸದಿಂದ ಕೆಲಸಕ್ಕೆ ಬೇರೆ. ಚರ್ಮಕ್ಕೆ ಹೊಲಿಗೆ ಹಾಕುವುದನ್ನು ಅಗರಿನ ಮೇಲೆ ಕಲಿಸಬೇಡಿ. ಸೂಜಿಯ ತುದಿಯನ್ನು ಪರದೆಯಲ್ಲಿ ಹಿಂಬಾಲಿಸುವುದನ್ನು ಕಲಿಸಿ. ಸುಶ್ರುತನ ಪಟ್ಟಿ ಹೇಳುವುದೂ ಇದನ್ನೇ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರ. ಜೆಲ್ಲಿನ ಮೇಲೆ ಸರಾಗವಾಗಿ ಕೈಯಾಡಿಸಿದವರಿಗೆ ಹುಸಿ ಧೈರ್ಯ ಬಂದುಬಿಡಬಹುದು. ಜೆಲ್ ನೋವಿನಿಂದ ಕದಲುವುದಿಲ್ಲ, ಭಯದಿಂದ ಕೈ ಹಿಂದಕ್ಕೆಳೆಯುವುದಿಲ್ಲ, ಅದರ ಪಕ್ಕದಲ್ಲಿ ಗಾಬರಿಗೊಂಡ ತಾಯಿ ನಿಂತಿರುವುದಿಲ್ಲ. ಆದ್ದರಿಂದ ಜೆಲ್ಲಿನ ಮೇಲಿನ ಪರಿಣತಿಯನ್ನು ರೋಗಿಯನ್ನು ಮುಟ್ಟುವ ಪೂರ್ಣ ಪರವಾನಗಿ ಎಂದು ಯಾರೂ ತಿಳಿಯಬಾರದು. ಹಿರಿಯರ ಕಣ್ಗಾವಲಿನಲ್ಲಿ ರೋಗಿಯ ಬಳಿ ಹೋಗಲು ಅದು ಕನಿಷ್ಠ ಅರ್ಹತೆ, ಅಷ್ಟೆ. ಹಾಗೆಂದು ಈ ಅಪಾಯವನ್ನೇ ಮುಂದಿಟ್ಟು ಅಭ್ಯಾಸವನ್ನೇ ಬಿಡುವುದು ತಲೆಕೆಳಗಾದ ತರ್ಕ. ಕೈಯ ಚಲನೆ ಅಭ್ಯಾಸದಿಂದ ಸಹಜವಾದವರಿಗೆ ರೋಗಿಯ ಮುಖ ನೋಡಲು, ಎರಡು ಸಾಂತ್ವನದ ಮಾತಾಡಲು ಬಿಡುವು ಸಿಗುತ್ತದೆ. ಸೂಜಿಯನ್ನು ಹೇಗೆ ಹಿಡಿಯಬೇಕೆಂದೇ ತಡಕಾಡುತ್ತಿರುವವರಿಗೆ ಆ ಬಿಡುವಿಲ್ಲ.

ಮೂರನೆಯದು, ದೊಡ್ಡ ಕಂಪನಿಗಳ ತಯಾರಾದ ಮಾದರಿಗಳಿರುವಾಗ ಕೈಯಾರೆ ಕುದಿಸಿ ಎರಕ ಹೊಯ್ಯುವುದೇಕೆ ಎಂಬುದು. 2019ರಲ್ಲಿ ಸಾಮರ್ಥ್ಯಾಧಾರಿತ ಪಠ್ಯಕ್ರಮ ಜಾರಿಗೆ ಬಂದ ಮೇಲೆ ಪ್ರತಿ ವೈದ್ಯಕೀಯ ಕಾಲೇಜಿನಲ್ಲೂ ಸ್ಕಿಲ್ ಲ್ಯಾಬ್ ಇರಲೇಬೇಕಾಗಿದೆ. ಇದು ಒಳ್ಳೆಯ ನಿಯಮ. ಆದರೆ ಲಕ್ಷಗಟ್ಟಲೆ ಬೆಲೆಯ ಗೊಂಬೆ ಬಂದಾಗ ಅದನ್ನು ಹಾಳಾಗದಂತೆ ಕಾಪಾಡುವುದೇ ಸಿಬ್ಬಂದಿಯ ಮೊದಲ ಚಿಂತೆಯಾಗುವುದು ಸಹಜ. ಚುಚ್ಚಿದಷ್ಟೂ ಅದರ ಚರ್ಮ ಸವೆಯುತ್ತದೆ, ಬದಲಿ ಚರ್ಮಕ್ಕೆ ಮತ್ತೆ ಟೆಂಡರು ಕರೆಯಬೇಕು. ಆಗ ಹತ್ತು ವಿದ್ಯಾರ್ಥಿಗಳ ಗುಂಪಿನಲ್ಲಿ ಒಬ್ಬರು ಮಾಡಿ ಒಂಬತ್ತು ಮಂದಿ ನೋಡುತ್ತಾರೆ. ಎಷ್ಟು ಚುಚ್ಚಿದರೂ ಚಿಂತೆಯಿಲ್ಲದ, ಹಾಳಾದರೆ ಕರಗಿಸಿ ಮತ್ತೆ ಹೊಯ್ಯಬಹುದಾದ ವಸ್ತುವಿನ ನಿಜವಾದ ಬೆಲೆ ಇಲ್ಲಿ ತಿಳಿಯುತ್ತದೆ. ಅಗ್ಗವಾಗಿರುವುದೇ ಅದರ ಬೋಧನಾ ಗುಣ. ಧಾರಾಳವಾಗಿ ತಪ್ಪಲು ಬಿಡುವ ಸಾಧನವೇ ಒಳ್ಳೆಯ ಸಾಧನ. ಎದೆಬಡಿತ, ಉಸಿರಾಟ, ತುರ್ತು ಸನ್ನಿವೇಶಗಳ ಅಭ್ಯಾಸಕ್ಕೆ ದುಬಾರಿ ಗೊಂಬೆಗಳು ಇರಲಿ. ಸೂಜಿಯ ಕೆಲಸಕ್ಕೆ ಅವುಗಳನ್ನು ಕಾಯುತ್ತ ಕೂರುವುದು ಬೇಡ.

ಇದರ ಹೆಚ್ಚಿನ ಲಾಭ ಯಾರಿಗೆ ಸಿಗಬೇಕು ಎಂಬುದನ್ನೂ ಹೇಳಬೇಕು. ಆಸ್ಪತ್ರೆಗಳಲ್ಲಿ ದಿನವಿಡೀ ಸೂಜಿ ಹಿಡಿಯುವವರು ನರ್ಸುಗಳು. ಹೊಸ ಸಾಧನ ಬಂದಾಗಲೆಲ್ಲ ಅದು ಮೊದಲು ಹೋಗುವುದು ಸ್ನಾತಕೋತ್ತರ ವೈದ್ಯರ ಕೈಗೆ. ಜಿಲ್ಲಾ ಕೇಂದ್ರದ ನರ್ಸಿಂಗ್ ಶಾಲೆಗೆ ಅದರ ಸುದ್ದಿಯೂ ತಲುಪುವುದಿಲ್ಲ. ಚೈನಾ ಗ್ರಾಸ್, ಗ್ಲಿಸರಿನ್, ಸ್ಟೀಲ್ ಪಾತ್ರೆ, ಒಲೆ ಇವಿಷ್ಟೂ ಅಂಥ ಶಾಲೆಯಲ್ಲಿ ಸಿಗುವಂಥವು. ರಕ್ತನಾಳ ಹುಡುಕುವುದನ್ನು, ಕೀವುಗಟ್ಟಿದ ಕುರುವಿನಿಂದ ದ್ರವ ಎಳೆಯುವುದನ್ನು ಕಲಿಯಲು ಅಷ್ಟು ಸಾಕು.

ಕಡಲಿನ ಮಾತೂ ಇದೆ. ಕಡಲಿನಿಂದ ಬಂದದ್ದೆಂದ ಮಾತ್ರಕ್ಕೆ ಅದು ಅಕ್ಷಯವಲ್ಲ. ಕಾಡು ಗೆಲಿಡಿಯಂ ಪಾಚಿಯ ದೊಡ್ಡ ಮೂಲವಾದ ಮೊರಾಕ್ಕೊ ಅತಿಯಾದ ಕೊಯ್ಲನ್ನು ತಡೆಯಲು ರಫ್ತಿಗೆ ಮಿತಿ ಹಾಕಿದ್ದರಿಂದ 2015ರ ಹೊತ್ತಿಗೆ ಪ್ರಯೋಗಾಲಯದ ಅಗರಿಗೆ ಜಗತ್ತಿನಾದ್ಯಂತ ಕೊರತೆಯಾಗಿ ಬೆಲೆ ಸುಮಾರು ಮೂರು ಪಟ್ಟಾಯಿತು. ನಮ್ಮ ದೇಶದಲ್ಲಿ ಮನ್ನಾರ್ ಕೊಲ್ಲಿಯ ರಾಮನಾಥಪುರದ ಹೆಂಗಸರು ಬೆರಳಿಗೆ ಬಟ್ಟೆ ಸುತ್ತಿಕೊಂಡು ಮುಳುಗಿ ಪಾಚಿ ಕೀಳುತ್ತಾರೆ, ಮದುರೈ ಸುತ್ತಲಿನ ಸಣ್ಣ ಘಟಕಗಳು ಅದರಿಂದ ಅಗರ್ ತೆಗೆಯುತ್ತವೆ. 1986ರಲ್ಲಿ ಆ ದ್ವೀಪಗಳು ಕಡಲ ರಾಷ್ಟ್ರೀಯ ಉದ್ಯಾನವಾದ ಮೇಲೆ ಆ ಹೆಂಗಸರ ದುಡಿಮೆ ಅರಣ್ಯ ನಿಯಮಗಳ ಜೊತೆ ಗುದ್ದಾಡುತ್ತಲೇ ಬಂದಿದೆ. ಕ್ಯಾರಗೀನನ್‌ಗಾಗಿ ಹೊರಗಿನಿಂದ ತಂದು ಬೆಳೆಸಿದ ಕಪ್ಪಾಫೈಕಸ್ ಪಾಚಿ ಕುರುಸಡೈ ದ್ವೀಪದ ಹವಳಗಳ ಮೇಲೆ ಹಬ್ಬಿದ್ದು 2008ರಲ್ಲಿ ವರದಿಯಾಯಿತು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಕಡಲ ಪಾಚಿಗೆಂದೇ 640 ಕೋಟಿ ರೂಪಾಯಿ ಮೀಸಲಿಟ್ಟಾಗಿದೆ. ಅದು ಹವಳವನ್ನು ಕಾಯುವ, ಕೊಯ್ಯುವವರ ಕೈಗೆ ನ್ಯಾಯವಾದ ಬೆಲೆ ತಲುಪಿಸುವ ರೀತಿಯಲ್ಲಿ ಖರ್ಚಾಗಬೇಕು. ವಾರ್ಡಿನ ಬಡವರ ನೋವು ತಪ್ಪಿಸಲು ಹೊರಟವರು ಕಡಲತೀರದ ಬಡವರನ್ನು ಮರೆಯಬಾರದು.

ತರಬೇತಿಗೆ ಬೇಕಾದ ಪ್ರಮಾಣ ಆಹಾರೋದ್ಯಮದ ಬಳಕೆಯ ಮುಂದೆ ತೀರಾ ಸಣ್ಣದು. ಅದರಲ್ಲೂ ಮಿತವಾಗಿರಬಹುದು. ಸೂಕ್ಷ್ಮಜೀವಿ ವಿಭಾಗದ ಅತಿಶುದ್ಧ ಅಗರ್ ಇದಕ್ಕೆ ಬೇಕಾಗಿಲ್ಲ, ಅಡುಗೆಯ ದರ್ಜೆಯದೇ ಸಾಕು. ಹಳೆಯ ಅಚ್ಚುಗಳನ್ನು ಎಸೆಯದೆ ಮತ್ತೆ ಕರಗಿಸಬೇಕು.

ಹಾಗಾದರೆ ಏನು ಮಾಡಬೇಕು? ಪ್ರತಿ ಸ್ಕಿಲ್ ಲ್ಯಾಬಿನಲ್ಲಿ ಜೆಲ್ ತಯಾರಿಸುವ ಮೂಲೆಯೊಂದು ಮತ್ತು ಅದರ ಹೊಣೆ ಹೊತ್ತ ಒಬ್ಬ ತಂತ್ರಜ್ಞರು ಇರಲಿ. ಯಾವ ಕೌಶಲಕ್ಕೆ ಎಷ್ಟು ಅಗರ್, ಎಷ್ಟು ಗ್ಲಿಸರಿನ್, ಎಷ್ಟು ದಿನ ಬಾಳಿಕೆ ಎಂಬ ಪಾಕವಿಧಾನಗಳನ್ನು ಕಾಲೇಜುಗಳು ತಮ್ಮಲ್ಲೇ ಬಚ್ಚಿಟ್ಟುಕೊಳ್ಳದೆ ಕನ್ನಡದಲ್ಲೂ ಬರೆದು ಹಂಚಲಿ. ಹೊಸ ಮಾದರಿ ಬಳಕೆಗೆ ಬರುವ ಮುನ್ನ ಅನುಭವಸ್ಥ ಅರಿವಳಿಕೆ ತಜ್ಞರು, ವಿಕಿರಣ ತಜ್ಞರು ಅದನ್ನು ಚುಚ್ಚಿ ನೋಡಿ, ಯಾವುದು ನಿಜದಂತಿದೆ, ಯಾವುದು ಇಲ್ಲ ಎಂದು ಬರೆದಿಡಲಿ. ಕಲಿಯುವವರಿಗೆ ಆ ಕೊರತೆಗಳನ್ನು ಮೊದಲೇ ಹೇಳಲಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಂತೆ ಸ್ಕ್ಯಾನಿಂಗ್ ಯಂತ್ರಗಳೆಲ್ಲ ನೋಂದಣಿಯಾಗಿರಬೇಕು, ಅದು ಹಾಗೇ ಇರಬೇಕು. ಆದ್ದರಿಂದ ನೋಂದಾಯಿತ ಯಂತ್ರವಿರುವ ಜಾಗಕ್ಕೇ ಬಿಡುವಿನ ಗಂಟೆಗಳಲ್ಲಿ ಜೆಲ್ಲನ್ನು ಒಯ್ದು ಕಲಿಸುವ ವೇಳಾಪಟ್ಟಿ ಬೇಕು. ಅಭ್ಯಾಸದ ಸೂಜಿಗಳು ರೋಗಿಗಳ ಸೂಜಿಗಳ ಜೊತೆ ಎಂದೂ ಬೆರೆಯಬಾರದು.

ಕೊನೆಯದಾಗಿ, ಇದೆಲ್ಲ ನಿಯಮವಾಗಬೇಕು. ಒಳ್ಳೆಯ ಮೇಷ್ಟರಿರುವ ಕಡೆ ಮಾತ್ರ ನಡೆದು, ಅವರು ವರ್ಗವಾದ ದಿನ ನಿಲ್ಲುವ ಪದ್ಧತಿಯಿಂದ ರೋಗಿಗೆ ರಕ್ಷಣೆ ಸಿಗದು. ಕೌಶಲವೊಂದನ್ನು ಜೆಲ್ಲಿನ ಮೇಲೆ ಸರಿಯಾಗಿ ಮಾಡಿ ತೋರಿಸಿದ್ದಾರೆಂದು ದಾಖಲೆಯಾಗುವವರೆಗೆ ಯಾವ ವಿದ್ಯಾರ್ಥಿಯೂ ಅದನ್ನು ರೋಗಿಯ ಮೇಲೆ ಮೊದಲ ಬಾರಿ ಮಾಡುವಂತಿಲ್ಲ ಎಂದು ನಮ್ಮ ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳು ಬರೆದಿಡಲಿ. ಲೀಟರಿಗೆ ಮೂವತ್ತು ಗ್ರಾಂ ಪಾಚಿಯ ಪುಡಿಯಿಂದ ಆಗುವ ಕೆಲಸವನ್ನು ಜ್ವರದಲ್ಲಿ ಮಲಗಿದ ಕೂಲಿಕಾರ್ಮಿಕನ ತೋಳಿನ ಮೇಲೆ ಮಾಡುವುದು ಕಲಿಕೆಯ ಅನಿವಾರ್ಯತೆ ಅಲ್ಲ, ನಮ್ಮ ಅಸಡ್ಡೆ. ಅನಿವಾರ್ಯವಾದದ್ದನ್ನು ಸಹಿಸಬಹುದು, ಅಸಡ್ಡೆಯನ್ನು ಸಹಿಸಬಾರದು.